ಐದನೇ ಗೋಳದ ಪೊಟ್ಟಣ

ತಾನು ನೋಡಿಕೊಳ್ಳುವ ಯಂತ್ರ ಒಮ್ಮೆಯಾದರೂ ಕೆಟ್ಟುಹೋಗಲಿ ಎಂದು ಹನ್ನೊಂದು ವರ್ಷ ಮನಸ್ಸಿನಲ್ಲೇ ಹಾರೈಸಿದ ಕೆಲಸಗಾರ ಬೈಕಾಲ್ ಸರೋವರದ ದಂಡೆಯಲ್ಲಿ ಬಹುಶಃ ಒಬ್ಬನೇ. ಅವನು ಯೆಫಿಮ್ ಸವೆಲಿಚ್, ವಯಸ್ಸು ಅರವತ್ತಮೂರು. ಕೆಲಸದಲ್ಲಿ ಅವನಷ್ಟು ಪ್ರಾಮಾಣಿಕ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನು ಕೆಮ್ಮಿ ಬೇರೆ ಕಡೆ ತಿರುಗುತ್ತಿದ್ದ.

ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ, ಲಾರಿ ಓಡಾಡಿದರೂ ಮಿಸುಕದಷ್ಟು ಗಟ್ಟಿಯಾದ ಮೇಲೆ ವಿಜ್ಞಾನಿಗಳು ಮಂಜಿನ ಮೇಲೆ ಗುಡಾರ ಹಾಕುತ್ತಿದ್ದರು. ಕೆಳಗೆ, ಕಿಲೋಮೀಟರಿಗೂ ಹೆಚ್ಚು ಆಳದ ಕತ್ತಲ ನೀರಿನಲ್ಲಿ, ಅವರ ದೂರದರ್ಶಕ ನೇತಾಡುತ್ತಿತ್ತು. ದೂರದರ್ಶಕ ಎಂದರೆ ಕೊಳವೆಯಲ್ಲ. ಉದ್ದುದ್ದದ ಉಕ್ಕಿನ ಹಗ್ಗಗಳು, ಒಂದೊಂದು ಹಗ್ಗಕ್ಕೂ ಹನ್ನೆರಡು ಗಾಜಿನ ಗೋಳಗಳು. ಅಂಥ ಒಂದು ಹಗ್ಗಕ್ಕೆ ಸರ ಎಂದು ಹೆಸರು. ಕೆಟ್ಟ ಸರವನ್ನು ಮಂಜಿನ ಕಿಂಡಿಯಿಂದ ಮೇಲೆತ್ತಿ, ರಿಪೇರಿ ಮಾಡಿ, ಅದೇ ದಿನ ಮತ್ತೆ ಇಳಿಸಬೇಕು. ಎತ್ತುವ ಇಳಿಸುವ ರಾಟೆ ಮೂವತ್ತು ಚಳಿಗಾಲದಿಂದ ಯೆಫಿಮನ ಕೈಯಲ್ಲಿತ್ತು. "ವಿರಾ!" ಎಂದು ಕೂಗಿದರೆ ಎತ್ತುತ್ತಿದ್ದ, "ಮೈನಾ!" ಎಂದರೆ ಇಳಿಸುತ್ತಿದ್ದ. ಆ ಎರಡು ಮಾತಿಗಿಂತ ಹೆಚ್ಚು ಮಾತು ಬೇಕೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಅನಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಗೋಳಗಳು ಯಾತಕ್ಕೆಂಬುದನ್ನು ಅವನಿಗೆ ಹೇಳಿಕೊಟ್ಟವಳು ಹೆಂಡತಿ ರಿಮ್ಮಾ. ಅವಳೂ ವಿಜ್ಞಾನಿಯಲ್ಲ. ಊರಿನ ಕಾರ್ಖಾನೆಯಂಥ ಒಂದು ಕೋಣೆಯಲ್ಲಿ ಕೂತು ಗೋಳಗಳನ್ನು ಮುಚ್ಚುವ ಕೆಲಸ ಅವಳದ್ದು. ಆದರೆ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ನ್ಯೂಟ್ರಿನೋ ಅಂದ್ರೆ ಒಂದು ಕಣ ಕಣೋ ಫೀಮಾ," ಎಂದಿದ್ದಳು ಒಮ್ಮೆ, ಅವನನ್ನು ಮುದ್ದಿನ ಹೆಸರಿನಿಂದ ಕರೆದು, ಆಲೂಗಡ್ಡೆ ಸುಲಿಯುತ್ತಾ. "ಎಲ್ಲೋ, ನಮ್ಮಜ್ಜನ ಅಜ್ಜನೂ ಹುಟ್ಟೋಕೆ ಮುಂಚೆ, ಆಕಾಶದ ಆ ತುದೀಲಿ ಏನೋ ದೊಡ್ಡದಾಗಿ ಸಿಡೀತು ಅಂತಿಟ್ಕೋ. ಅಲ್ಲಿಂದ ಹೊರಟಿದ್ದು ನೇರ ಬರುತ್ತೆ. ಭೂಮಿ ಅಡ್ಡ ಬಂದ್ರೂ ನಿಲ್ಲಲ್ಲ, ತೂರ್ಕೊಂಡ್ ಬರುತ್ತೆ. ನಿನ್ನೊಳಗೆ, ನನ್ನೊಳಗೆ, ನಿನ್ನ ಆ ದಪ್ಪ ತಲೆಯೊಳಗೂ. ಯಾರನ್ನೂ ಮುಟ್ಟಲ್ಲ, ಯಾರ ಹತ್ರನೂ ಮಾತಾಡಲ್ಲ."

"ಹಾಗಾದ್ರೆ ಬಂದಿದ್ದು ಗೊತ್ತಾಗೋದು ಹೇಗೆ?"

"ಗೊತ್ತಾಗಲ್ಲ. ಅದೇ ತಾನೇ ಸಂಕಟ. ಕೋಟಿ ಕೋಟೀಲಿ ಒಂದು ಮಾತ್ರ ನೀರಿಗೆ ಬಡಿದು ನಿಲ್ಲುತ್ತೆ. ಆಗ ಒಂದು ಚೂರು ನೀಲಿ ಬೆಳಕು. ಕಣ್ಣು ಮಿಟುಕಿಸೋಕೂ ಮುಂಚೆ ಆರಿಹೋಗುತ್ತೆ. ಅದನ್ನ ನೋಡೋಕೆ ನನ್ನ ಗೋಳ ಅಲ್ಲಿ ಎದ್ದು ಕೂತಿರುತ್ತೆ."

ಗೋಳ ಮುಚ್ಚುವುದರಲ್ಲಿ ರಿಮ್ಮಾಳದ್ದು ಎತ್ತಿದ ಕೈ. ಎರಡು ದಪ್ಪ ಗಾಜಿನ ಬಟ್ಟಲುಗಳು. ಒಂದರಲ್ಲಿ ಬೆಳಕು ಹಿಡಿಯುವ ದೊಡ್ಡ ಕಣ್ಣು, ಇನ್ನೊಂದರಲ್ಲಿ ವೈರುಗಳು. ಎರಡನ್ನೂ ಬಾಯಿಗೆ ಬಾಯಿ ಕೂಡಿಸಿ, ಒಳಗಿನ ಗಾಳಿಯನ್ನು ಹೀರಿ ತೆಗೆದು, ಅಂಚಿಗೆ ಪಟ್ಟಿ ಸುತ್ತಬೇಕು. ಆಮೇಲೆ ಹೊರಗಿನ ನೀರಿನ ಭಾರವೇ ಅದನ್ನು ಒತ್ತಿ ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಒಂದು ಕೂದಲು ಸಿಕ್ಕಿದರೂ ನೀರು ನುಗ್ಗಿ ಗೋಳ ಹೋಯಿತು. ಮುಚ್ಚುವ ಮುಂಚೆ, ಹೊಸ ಬೂಟಿನ ಡಬ್ಬಿಯಲ್ಲಿ ಇರುತ್ತದಲ್ಲ, ತೇವ ಹೀರುವ ಹರಳಿನ ಕಾಗದದ ಪೊಟ್ಟಣ, ಅಂಥದ್ದೊಂದನ್ನು ಒಳಗೆ ಅಂಟಿಸುತ್ತಾರೆ. ಅದರ ಮೇಲೆ ಗೋಳದ ನಂಬರು, ಹೊತ್ತು, ಮುಚ್ಚಿದವರ ಹೆಸರಿನ ಮೊದಲಕ್ಷರಗಳನ್ನು ಪೆನ್ಸಿಲಿನಲ್ಲಿ ಬರೆಯುವುದು ಅಲ್ಲಿಯ ವಾಡಿಕೆ. ಇಂಕು ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ.

ಹನ್ನೆರಡು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ಬೆಳಗ್ಗೆ, ಆಸ್ತ್ರಖಾನಿನಿಂದ ರಿಮ್ಮಾಳ ತಂಗಿಯ ಪಾರ್ಸೆಲ್ ಬಂತು. ಒಣಗಿಸಿದ ಏಪ್ರಿಕಾಟು, ಜೊತೆಗೊಂದು ಫೋಟೊ. ಅಂಗಳದಲ್ಲಿ ತಂಗಿ, ಅವಳ ಮಕ್ಕಳು, ತೋಳಿಲ್ಲದ ಅಂಗಿ ಹಾಕಿಕೊಂಡು ಕಲ್ಲಂಗಡಿ ತಿನ್ನುತ್ತಿದ್ದಾರೆ. ರಿಮ್ಮಾ ಚಹಾ ಆರುವ ತನಕ ಆ ಫೋಟೊ ನೋಡಿದಳು. ಅವಳು ಆ ಬಿಸಿಲೂರನ್ನು ಬಿಟ್ಟು ಯೆಫಿಮನ ಬೆನ್ನು ಹಿಡಿದು ಈ ಸೈಬೀರಿಯಾಕ್ಕೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಯೆಫಿಮ್ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಇಲ್ಲಿಗೆ ಬಂದಿದ್ದಕ್ಕೆ ಬೇಜಾರಿದೆಯಾ ನಿಂಗೆ?" ಎಂದ.

ಅವಳು ಫೋಟೊದಿಂದ ತಲೆಯೆತ್ತಿ ಅವನನ್ನು ನೋಡಿದಳು, ಆಮೇಲೆ ಪಕಪಕ ನಕ್ಕಳು. "ಇಪ್ಪತ್ತಾರು ವರ್ಷ ಆದ್ಮೇಲೆ ಕೇಳ್ತಿದೀಯಾ? ಇಷ್ಟು ಅವಸರ ಯಾಕೆ?"

"ಕೇಳಿದ್ದಕ್ಕೆ ಹೇಳು."

"ಬರೆದಿಡ್ತೀನಿ ಬಿಡು," ಎಂದು ತಲೆಗೆ ವಸ್ತ್ರ ಕಟ್ಟಿಕೊಂಡು ನಗುನಗುತ್ತಲೇ ಕೆಲಸಕ್ಕೆ ಹೊರಟುಹೋದಳು.

ಯೆಫಿಮನಿಗೆ ಆ ನಗು ಕೆಂಡ ತುಳಿದಂತಾಯಿತು. ಇಪ್ಪತ್ತಾರು ವರ್ಷಕ್ಕೊಮ್ಮೆ ಬಾಯಿಬಿಟ್ಟ ಗಂಡಸಿಗೆ ಸಿಕ್ಕ ಮರ್ಯಾದೆ ಇದು ಎಂದುಕೊಂಡ. ಅಷ್ಟು ಹೊತ್ತಿಗೆ ಗೆಳೆಯ ಬಾಯಿರ್ ಜೀಪು ತಂದು ಬಾಗಿಲಲ್ಲಿ ಹಾರ್ನ್ ಹೊಡೆದ. ಅದು ಕಾಡಿನಲ್ಲಿ ದೇವದಾರು ಕಾಯಿ ಉದುರುವ ಕಾಲ. ಮುಂದಿನ ವಾರ ಹೋಗೋಣ ಎಂದು ಮಾತಾಗಿತ್ತು. "ಮುಂದಿನ ವಾರ ಯಾಕೆ, ಈಗಲೇ ನಡಿ," ಎಂದು ಯೆಫಿಮ್ ಚೀಲ, ಕಂಬಳಿ ಎಸೆದು ಹತ್ತಿಕೊಂಡ. ಒಂದು ಚೀಟಿ ಕೂಡ ಬರೆದಿಡಲಿಲ್ಲ. ಹತ್ತು ದಿನ ಕಾಡಿನಲ್ಲಿದ್ದು, ಎರಡು ಮೂಟೆ ಕಾಯಿ, ಒಂದು ಮುಖ ಗಡ್ಡದೊಂದಿಗೆ ಹಿಂದಿರುಗಿದ. ರಿಮ್ಮಾ ಬಾಗಿಲು ತೆಗೆದಳು, ಮೂಟೆ ನೋಡಿದಳು, ಅವನನ್ನು ನೋಡಲಿಲ್ಲ.

ರಾತ್ರಿ ಊಟವಾದ ಮೇಲೆ ಹಲ್ಲಿನಲ್ಲಿ ಕಾಯಿ ಕಡಿಯುತ್ತಾ ಅವಳೇ ಹೇಳಿದಳು: "ಬರೆದಿದೀನಿ. ಆವತ್ತು ಮುಚ್ಚಿದ ಐದನೇ ನಂಬರಿನ ಗೋಳದಲ್ಲಿದೆ, ಪೊಟ್ಟಣದ ಹಿಂದೆ. ಎತ್ತೋನು ನೀನೇ ತಾನೇ? ಎತ್ತಿದಾಗ ಓದ್ಕೋ."

"ಈಗ್ಲೇ ಹೇಳಿದ್ರೆ ಏನು ಗಂಟು ಹೋಗುತ್ತೆ?"

"ಈಗ ಇಲ್ಲ," ಎಂದಳು. ಅವನೂ ಮತ್ತೆ ಕೇಳಲಿಲ್ಲ. ಬಿಗುಮಾನ ಅವನಿಗೂ ಇತ್ತು.

ಮಾರ್ಚಿನಲ್ಲಿ ಆ ಸರವನ್ನು ಅವನ ಕೈಯಿಂದಲೇ ಇಳಿಸಿದ್ದಾಯಿತು. ಮೇ ತಿಂಗಳಲ್ಲಿ ಹಿತ್ತಲಲ್ಲಿ ಸೌತೆ ಸಸಿ ನೆಡುತ್ತಿದ್ದ ರಿಮ್ಮಾ, ತಲೆ ಸುತ್ತುತ್ತಿದೆ ಎಂದು ಮಣ್ಣಿನ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ಮೆದುಳಿನ ರಕ್ತನಾಳ ಒಡೆದಿದೆ ಎಂದರು. ಅವಳ ಉಗುರಿನ ಸಂದಿಯ ಮಣ್ಣನ್ನು ಯೆಫಿಮನೇ ತೊಳೆದ.

ಅಂದಿನಿಂದ ಅವನ ಇಡೀ ಬದುಕು ಆ ಒಂದು ಪೊಟ್ಟಣಕ್ಕೆ ಕಾಯುವುದೇ ಆಯಿತು. ಬೇಜಾರಿತ್ತೋ ಇರಲಿಲ್ಲವೋ, ಅಷ್ಟು ತಿಳಿದರೆ ಸಾಕಿತ್ತು. ಬೇಜಾರಿತ್ತು ಎಂದು ಬರೆದಿದ್ದರೂ ಪರವಾಗಿಲ್ಲ, ಅವಳ ಕೈಬರಹ ಒಮ್ಮೆ ಕಂಡರೆ ಸಾಕಿತ್ತು. ಆದರೆ ಕೆಟ್ಟ ಸರವನ್ನು ಮಾತ್ರ ಎತ್ತುತ್ತಾರೆ. ರಿಮ್ಮಾ ಮುಚ್ಚಿದ ಗೋಳಗಳ ಸರ ಕೆಡಲೇ ಇಲ್ಲ. ಅಕ್ಕಪಕ್ಕದ ಸರಗಳಲ್ಲಿ ನೀರು ನುಗ್ಗಿತು, ವೈರು ಸುಟ್ಟಿತು, ಎರಡು ಸಲ ಹಗ್ಗವೇ ಹರಿಯಿತು. ಇದಕ್ಕೆ ಏನೂ ಆಗಲಿಲ್ಲ. ಪ್ರತಿ ಚಳಿಗಾಲ ಕೆಟ್ಟ ಸರಗಳ ಪಟ್ಟಿ ಬಂದಾಗ ಯೆಫಿಮ್ ಕನ್ನಡಕ ಏರಿಸಿ ನೋಡುತ್ತಿದ್ದ, ಇಳಿಸುತ್ತಿದ್ದ. ಇಷ್ಟು ಅಚ್ಚುಕಟ್ಟಾಗಿ ಯಾಕೆ ಮುಚ್ಚಿದೆ ಮಾರಾಯ್ತಿ ಎಂದು ಮನಸ್ಸಿನಲ್ಲೇ ಅವಳ ಜೊತೆ ಜಗಳಾಡುತ್ತಿದ್ದ.

ಈ ವರ್ಷದ ಪಟ್ಟಿಯಲ್ಲಿ ಆ ಸರ ಇತ್ತು. ಎಂಟನೇ ಗೋಳ, ಒಂಬತ್ತನೇ ಗೋಳ ಸತ್ತಿವೆ ಎಂದು ಬರೆದಿತ್ತು. ನಂಬರು ಮೇಲಿನಿಂದ ಕೆಳಗೆ. ಎಂಟು ಮೇಲೆ ಬರಬೇಕಾದರೆ ಐದು ಬರಲೇಬೇಕು. ಯೆಫಿಮ್ ಕನ್ನಡಕ ಒರೆಸಿ ಪಟ್ಟಿಯನ್ನು ಮತ್ತೊಮ್ಮೆ ಓದಿದ. ಆಮೇಲೆ, ಎರಡು ಗೋಳ ಸತ್ತದ್ದಕ್ಕೆ ತಾನು ಹಬ್ಬ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಆ ದಿನ ಎರಡು ತಟ್ಟೆ ಬೂಝಿ, ಮಾಂಸದ ಕಡುಬು, ತಿಂದ.

ಶಿಬಿರದ ಮುಖ್ಯಸ್ಥೆ ಸಯಾನಾ ದೊರ್ಜಿಯೆವ್ನಾ. ದಂಡೆಯ ಬುರ್ಯಾತ್ ಜನರ ಹಳ್ಳಿಯವಳು, ಮೂವತ್ತೈದು ದಾಟಿದ ಭೌತವಿಜ್ಞಾನಿ. ವಿದ್ಯಾರ್ಥಿನಿಯಾಗಿದ್ದಾಗ ಗೋಳ ಮುಚ್ಚುವುದನ್ನು ರಿಮ್ಮಾಳ ಕೈಕೆಳಗೇ ಕಲಿತಿದ್ದಳು, ಬೈಸಿಕೊಂಡೂ ಇದ್ದಳು. ಪಟ್ಟಿ ಓದಿದ ದಿನವೇ ಅವಳು ಯೆಫಿಮನ ಪಕ್ಕ ಬಂದು ಕೂತಳು.

"ಫೆಬ್ರವರೀಲಿ ಒಂದು ಬೆಳಕು ಬಂತು, ಯೆಫಿಮ್ ಸವೆಲಿಚ್. ನಾನು ಈ ಕೆಲಸಕ್ಕೆ ಸೇರಿದ್ಮೇಲೆ ಅಷ್ಟು ದೊಡ್ಡದು ನೋಡಿಲ್ಲ. ಎಷ್ಟು ದೂರದಿಂದ ಬಂದಿದ್ದೋ, ಯಾವ ಶಕ್ತಿ ತಳ್ಳಿತ್ತೋ, ಇನ್ನೂ ಲೆಕ್ಕ ಹಾಕ್ತಿದೀವಿ. ಹೊರಗಡೆ ಹೇಳ್ಬೇಡಿ."

"ನಾನು ಯಾರಿಗ್ ಹೇಳ್ಲಿ?"

"ಮೊದಲು ನೋಡಿದ್ದು ಯಾವ್ದು ಗೊತ್ತಾ? ನಮ್ಮ ರಿಮ್ಮಾ ಫ್ಯೋದರೊವ್ನಾ ಸರದ ಐದನೇದು."

ಅದು ನೋಡದೆ ಇನ್ಯಾವುದು ನೋಡೀತು ಎಂದುಕೊಂಡ ಯೆಫಿಮ್.

ಈ ಸಲ ಬಿಸಿಲು ಬೇಗ ಏರಿತ್ತು. ಮಾರ್ಚ್ ಮುಗಿಯುವ ಮುಂಚೆಯೇ ಮಂಜಿನಲ್ಲಿ ಬಿರುಕು ಬಿಡುವ ಸದ್ದು ಕೇಳತೊಡಗಿತು. ಆ ಸರವನ್ನೆತ್ತಿದ ದಿನ ಬೆಳಗ್ಗೆ ಸಯಾನಾ ಎಲ್ಲರನ್ನೂ ನಿಲ್ಲಿಸಿ ಹೇಳಿದಳು: "ಮಧ್ಯಾಹ್ನ ಮೂರಕ್ಕೆ ಸರ ನೀರಲ್ಲಿರ್ಬೇಕು, ನಾವು ದಂಡೇಲಿರ್ಬೇಕು. ಇದೇ ಕೊನೇದು. ನಾಳೆ ಈ ಮಂಜಿನ ಮೇಲೆ ನಾಯೀನೂ ಬಿಡಲ್ಲ ನಾನು."

ಬಾಯಿರ್ ಫ್ಲಾಸ್ಕಿನ ಹಾಲು ಹಾಕಿದ ಚಹಾವನ್ನು ಉಂಗುರದ ಬೆರಳಿನಿಂದ ನಾಲ್ಕು ದಿಕ್ಕಿಗೂ ಚಿಮುಕಿಸಿ, ಸರೋವರದ ಒಡೆಯನಿಗೆ ಕೊಡಬೇಕಾದ್ದನ್ನು ಕೊಟ್ಟ. ಲಾರಿ ಓಡಿಸುವುದು, ಕಿಂಡಿ ಕೊರೆಯುವುದು, ಎಲ್ಲರ ಕಾಲೆಳೆಯುವುದು ಅವನ ಕೆಲಸಗಳು. "ನಿಮ್ಮೋಳಿಗೂ ಒಂದ್ ಗುಟುಕು," ಎಂದು ಕಿಂಡಿಯೊಳಗೂ ಒಂದು ಹನಿ ಬಿಟ್ಟ. ಯೆಫಿಮ್ ರಾಟೆಯ ಹಿಂದೆ ನಿಂತ.

"ವಿರಾ!" ಎಂದಳು ಸಯಾನಾ.

ಹಗ್ಗ ನೀರು ಸುರಿಸುತ್ತಾ ಏರಿತು. ಒಂದನೇ ಗೋಳ ಬಂತು, ಎರಡು, ಮೂರು. ಒಂದೊಂದನ್ನೂ ಹಗ್ಗದಿಂದ ಬಿಡಿಸಿ ಮರದ ಚೌಕಟ್ಟಿನಲ್ಲಿಟ್ಟು ಕಪ್ಪು ಬಟ್ಟೆ, ಮೇಲೊಂದು ಕಂಬಳಿ ಹೊದಿಸುತ್ತಿದ್ದರು. ಕತ್ತಲಿಗೆ ಒಗ್ಗಿದ ಕಣ್ಣು ಅದು. ಬಿಸಿಲು ಬಿದ್ದರೆ ಎಷ್ಟೋ ದಿನ ಮಂಕಾಗುತ್ತದೆ. ಐದನೆಯದು ನೀರಿನಿಂದ ತಲೆಯೆತ್ತಿದಾಗ ಯೆಫಿಮ್ ರಾಟೆ ನಿಲ್ಲಿಸಿ ತಾನೇ ಹೋದ. ಎರಡೂ ತೋಳಿನಲ್ಲಿ ಎತ್ತಿಕೊಂಡ. ಹನ್ನೊಂದು ವರ್ಷ ನೀರಿನಲ್ಲಿದ್ದರೂ ಅಂಚಿನ ಪಟ್ಟಿ ಒಂದು ಎಳೆಯೂ ಬಿಟ್ಟಿರಲಿಲ್ಲ.

"ನಿನ್ನ ರಾಟೆ ನಾನು ನೋಡ್ಕೋತೀನಿ ಹೋಗಯ್ಯ," ಎಂದ ಬಾಯಿರ್. "ಮದುವಣಗಿತ್ತೀನ ಎತ್ಕೊಂಡ ಹಾಗೆ ಎತ್ಕೊಂಡಿದೀಯ, ಇಲ್ಲೇ ನಿಂತ್ರೆ ಹೇಗೆ?"

ಯೆಫಿಮ್ ಗುಡಾರದೊಳಗೆ ಹೋಗಿ, ಗೋಳವನ್ನು ಚೌಕಟ್ಟಿನಲ್ಲಿಟ್ಟು, ಕಪ್ಪು ಬಟ್ಟೆ ಹೊದಿಸಿ, ಅದರೊಳಗೆ ತಾನೂ ತಲೆ ತೂರಿಸಿದ, ಹಳೇ ಕಾಲದ ಸ್ಟುಡಿಯೋದ ಫೋಟೊ ತೆಗೆಯುವವನ ಹಾಗೆ. ಸಣ್ಣ ಕೆಂಪು ಟಾರ್ಚು ಹಚ್ಚಿದ. ಗಾಜಿನಾಚೆ, ವೈರುಗಳ ನಡುವೆ, ಪೊಟ್ಟಣ ಕಂಡಿತು. ಕಾಗದ ಇನ್ನೂ ಬಿಳುಪಾಗಿಯೇ ಇತ್ತು. "ಐದು. ಬೆಳಗ್ಗೆ ಹತ್ತು. ರಿ.ಫ್." ಎಂದು ಅವಳ ವಾಲಿದ ಅಕ್ಷರ. ಬೆಳಗ್ಗೆ ಹತ್ತು ಎಂದರೆ ಅವಳು ನಕ್ಕು ಹೊರಟು ಎರಡು ಗಂಟೆಯೂ ಆಗಿರಲಿಲ್ಲ. ಉಳಿದದ್ದು ಹಿಂಬದಿಯಲ್ಲಿ. ಅವನು ಗೋಳವನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಕೆಳಗಿನಿಂದ ನೋಡಿದ. ಪೊಟ್ಟಣದ ಹಿಂಬದಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಒಂದು ಮೂಲೆ ಮಾತ್ರ ಎದ್ದಿತ್ತು. ಅಲ್ಲಿ ಪೆನ್ಸಿಲಿನ ಒಂದು ಗೆರೆಯ ತುದಿ, ಯಾವ ಅಕ್ಷರದ್ದೋ. ಅಷ್ಟು ಕಂಡದ್ದಕ್ಕೇ ಅವನ ಕಣ್ಣು ತುಂಬಿತು.

ಗೋಳದ ನೆತ್ತಿಯಲ್ಲಿ ಗಾಳಿ ಹೀರುವ ಪುಟ್ಟ ತಿರುಪು ಇರುತ್ತದೆ. ಕಾಲು ಸುತ್ತು ತಿರುಗಿಸಿದರೆ ಸಾಕು, ಬುಸ್ ಎಂದು ಗಾಳಿ ಒಳನುಗ್ಗಿ, ಎರಡು ಬಟ್ಟಲು ಬೇರೆಯಾಗುತ್ತವೆ. ತಾನಾಗಿಯೇ ಸಡಿಲವಾಗಿತ್ತು ಎಂದರೆ ನಂಬದವರಿಲ್ಲ. ಹೇಳುವವನು ಯೆಫಿಮ್ ಸವೆಲಿಚ್ ಅಲ್ಲವೇ. ಕೈಗವಸು ತೆಗೆದು ಬೆರಳನ್ನು ತಿರುಪಿನ ಮೇಲಿಟ್ಟ. ತಣ್ಣಗಿತ್ತು. ಒಳಗೆ ಕೆಂಪು ಬೆಳಕಿನಲ್ಲಿ ಆ ದೊಡ್ಡ ಕಣ್ಣು ಹೊಳೆಯುತ್ತಿತ್ತು. ಮೂರು ಸಲ ಬೆರಳಿಟ್ಟ, ಮೂರು ಸಲ ತೆಗೆದ.

"ಎಂಟು ಬಂತು!" ಎಂದು ಬಾಯಿರ್ ಹೊರಗಿನಿಂದ ಕೂಗಿದ. "ಒಳಗೆ ನೀರು. ಮೀನು ಸಾಕ್ಬೋದು!"

ಎಂಟನೇ ಗೋಳದಲ್ಲಿ ಎಲ್ಲಿಂದಲೋ ಸಣ್ಣಗೆ ನೀರು ಜಿನುಗಿ ಅರ್ಧ ತುಂಬಿತ್ತು. ಪೊಟ್ಟಣ ಕರಗಿ ಗಂಜಿಯಾಗಿತ್ತು. ಒಂಬತ್ತನೆಯದು ಒಣಗಿಯೇ ಇತ್ತು, ಒಳಗಿನ ವೈರು ಸುಟ್ಟಿತ್ತು ಅಷ್ಟೆ. ಸತ್ತ ಗೋಳವನ್ನು ತೆರೆಯಲು ಯಾರ ಅಪ್ಪಣೆಯೂ ಬೇಡ. ಸಯಾನಾ ಅದನ್ನು ಗುಡಾರಕ್ಕೆ ತಂದು ಯೆಫಿಮನ ಎದುರೇ ಕೂತು, ಪಟ್ಟಿ ಬಿಚ್ಚಿ, ತಿರುಪು ತಿರುಗಿಸಿದಳು. ಗಾಳಿ ಒಳಕ್ಕೆ ಹೋಯಿತು. ಅವಳು ಬಟ್ಟಲು ಎತ್ತಿ, ಪೊಟ್ಟಣ ಕಿತ್ತು ಪಕ್ಕಕ್ಕೆ ಹಾಕಲು ಹೋದವಳು ಹಾಗೇ ನಿಂತಳು. ಒಮ್ಮೆ ಓದಿದಳು. ಆಮೇಲೆ ಅವನ ಕಡೆ ಚಾಚಿದಳು.

ಮುಂದೆ, "ಒಂಬತ್ತು. ಸಂಜೆ ಆರು. ರಿ.ಫ್." ಹಿಂದೆ, ಒತ್ತೊತ್ತಾಗಿ, ನಾಲ್ಕು ಸಾಲು:

"ಐದರಲ್ಲಿ ಬರೆದಿದ್ದು ಬರೀ ತಮಾಷೆ. ಇಂಥದ್ದನ್ನ ಪೊಟ್ಟಣದ ಮೇಲೆ ಬರೀಬಾರದಾಗಿತ್ತು. ಪಾಪ, ಮೊದಲನೇ ಸಲ ಕೇಳಿದಾನೆ. ಈಗ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಬಾಯಲ್ಲೇ ಹೇಳ್ತೀನಿ."

ಯೆಫಿಮ್ ಅದನ್ನು ಎರಡು ಸಲ ಓದಿದ. ಮೂರನೇ ಸಲ ಅಕ್ಷರ ಕಾಣಲಿಲ್ಲ.

ಅವಳು ಹೋಗಿದ್ದಳು. ಆ ಸಂಜೆ, ಆರು ಗಂಟೆಯ ಮೇಲೆ, ವಸ್ತ್ರ ಕಟ್ಟಿಕೊಂಡು, ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಮನೆಗೆ ನಡೆದಿದ್ದಳು. ಮನೆಗೆ ಬೀಗ. ಒಲೆ ತಣ್ಣಗೆ. ಬೆಳಗಿನ ಚಹಾದ ಲೋಟ ಮೇಜಿನ ಮೇಲೆ ಹಾಗೇ. ಅವನು ಆ ಹೊತ್ತಿಗೆ ಅರವತ್ತು ಮೈಲಿ ಆಚೆ ಕಾಡಿನಲ್ಲಿ, ಬೆಂಕಿ ಕಾಯಿಸಿಕೊಳ್ಳುತ್ತಾ, ಹೆಂಗಸರ ವಿಷಯದಲ್ಲಿ ಬಾಯಿರನಿಗೆ ಬುದ್ಧಿ ಹೇಳುತ್ತಿದ್ದ. ಒಂದು ದಿನ ಅವಳು ಕಾದಿರಬೇಕು, ಎರಡು ದಿನ ಕಾದಿರಬೇಕು. ಹತ್ತು ದಿನ ಕಾದವಳ ಬಾಯಲ್ಲಿ ಆ ಮಾತು ಇನ್ನೂ ಹಾಗೇ ಉಳಿದಿರುತ್ತದೆಯೇ. ಅದಕ್ಕೇ "ಈಗ ಇಲ್ಲ" ಎಂದಿದ್ದಳು. ಅವಳು ಆಡಿದ ಆ ಎರಡು ಮಾತು ಅವನಿಗೆ ಇವತ್ತಿನ ತನಕ ಅರ್ಥವಾಗಿರಲಿಲ್ಲ.

ಬಾಯಿರ್ ಗುಡಾರಕ್ಕೆ ಬಂದವನು ಪೊಟ್ಟಣ ಇಸಿದುಕೊಂಡು ಓದಿದ. ಟೋಪಿ ತೆಗೆದ. "ನಾನು ಆವತ್ತು ಬರಬಾರದಾಗಿತ್ತು ಕಣೋ," ಎಂದ. "ಹಾರ್ನ್ ಹೊಡೆದಿದ್ದು ನಾನೇ."

"ಹತ್ತಿದ್ದು ನಾನು," ಎಂದ ಯೆಫಿಮ್.

ಸಯಾನಾ ಗಡಿಯಾರ ನೋಡಿದಳು. ಹೊರಗೆ ಮಂಜು ಎಲ್ಲೋ ದೂರದಲ್ಲಿ ಬಿರಿದು, ಆ ಸದ್ದು ಅವರ ಕಾಲಡಿಯಲ್ಲಿ ಹಾದು ಹೋಯಿತು. ಅವಳು ಧ್ವನಿ ತಗ್ಗಿಸಿ ಹೇಳಿದಳು:

"ಯೆಫಿಮ್ ಸವೆಲಿಚ್, ಕೇಳಿ. ವರ್ಷಕ್ಕೊಂದು ಚೆನ್ನಾಗಿರೋ ಗೋಳ ತೆಗೆದು ಒಳಗೆ ಹೇಗಿದೆ ಅಂತ ನೋಡೋ ಅಧಿಕಾರ ನಂಗಿದೆ. ಈ ವರ್ಷದ್ದು ಇನ್ನೂ ತೆಗೆದಿಲ್ಲ. ಐದನೇದನ್ನ ತೆಗೀತೀನಿ, ಅದರ ಜಾಗಕ್ಕೆ ಹೊಸದು ಹಾಕೋಣ. ಯಾರ್ದೂ ತಪ್ಪಿಲ್ಲ ಇದ್ರಲ್ಲಿ. ಹ್ಞೂ ಅನ್ನಿ ಸಾಕು."

"ಅನ್ನೋ," ಎಂದ ಬಾಯಿರ್. "ಹನ್ನೊಂದು ವರ್ಷದಿಂದ ನನ್ನ ತಲೆ ತಿಂದಿದೀಯ. ಹ್ಞೂ ಅನ್ನು."

ಯೆಫಿಮ್ ಕಪ್ಪು ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ನಿನ್ನೆ ಈ ಮಾತು ಬಂದಿದ್ದರೆ ಅವನು ಸಯಾನಾಳ ಕಾಲಿಗೆ ಬೀಳುತ್ತಿದ್ದ. ಈಗ ಅದರೊಳಗೆ ಇರುವುದು ಬೆಳಗ್ಗೆ ಹತ್ತು ಗಂಟೆಯ ನಗು ಎಂದು ಗೊತ್ತಾಗಿಬಿಟ್ಟಿತ್ತು. ತಾನು ಕಾದ ಉತ್ತರ ಐದರಲ್ಲಿ ಯಾವತ್ತೂ ಇರಲೇ ಇಲ್ಲ. ಅದು ಒಂದು ಸಂಜೆ ತನ್ನ ಮನೆ ಬಾಗಿಲಿಗೇ ನಡೆದು ಬಂದು, ಒಳಗೆ ಯಾರೂ ಇಲ್ಲವೆಂದು ಹಾಗೇ ಹೊರಟುಹೋಗಿತ್ತು. ಕೋಟಿ ಕೋಟಿ ಮಾತುಗಳು ಅವರಿಬ್ಬರ ನಡುವೆ ಮುಟ್ಟದೆ ಹಾದುಹೋಗಿದ್ದವು. ನಿಲ್ಲಲೆಂದೇ ಬಂದ ಒಂದೇ ಒಂದಕ್ಕೆ ಅವನು ಮನೆಯಲ್ಲಿರಲಿಲ್ಲ. ಅವನಿಗೆ ಅಳು ಬಂತು. ಇಬ್ಬರ ಎದುರೇ, ಮುಖ ಮುಚ್ಚಿಕೊಳ್ಳದೆ ಅತ್ತ.

ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡು ಎದ್ದ.

"ಬೇಡ ಸಯಾನಾ," ಎಂದ.

"ಯಾಕೆ? ಮತ್ತೆ ಯಾವಾಗ ಮೇಲೆ ಬರುತ್ತೋ ಗೊತ್ತಿಲ್ಲ. ನೀವು... ನಾವೆಲ್ಲ ಇರ್ತೀವೋ ಇಲ್ವೋ."

"ತಮಾಷೆಗೆ ಬರೆದಿದ್ದು ಅಂತ ಅವಳೇ ಹೇಳಿದಾಳಲ್ಲ. ಬೇಡ ಅಂದಿದ್ದನ್ನ ಕಿತ್ಕೊಂಡು ಓದೋದು ಬೇಡ." ಗೋಳವನ್ನು ಬಟ್ಟೆಸಮೇತ ಎತ್ತಿಕೊಂಡ. "ಮತ್ತೆ ಇದು ಚೆನ್ನಾಗಿ ಕೆಲಸ ಮಾಡ್ತಿದೆ ಕಣವ್ವ. ಅವಳು ಮುಚ್ಚಿದ್ದು. ಅದನ್ನ ಕೆಡಿಸೋಕೆ ನಾನ್ಯಾರು?"

ಸಯಾನಾ ಮತ್ತೆ ಒತ್ತಾಯ ಮಾಡಲಿಲ್ಲ. ಎಂಟು, ಒಂಬತ್ತರ ಜಾಗಕ್ಕೆ ಹೊಸ ಗೋಳಗಳನ್ನು ಸಿಕ್ಕಿಸಿದರು. ಒಂಬತ್ತರ ಪೊಟ್ಟಣವನ್ನು ಯೆಫಿಮ್ ಅಂಗಿಯ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ. ಕೆಳಗಿನವು ಒಂದೊಂದಾಗಿ ನೀರಿಗಿಳಿದು ಐದನೆಯದರ ಸರದಿ ಬಂದಾಗ, ಅವನೇ ಅದನ್ನು ಹಗ್ಗಕ್ಕೆ ಬಿಗಿದ, ಪಟ್ಟಿಯ ಮೇಲೆ ಒಮ್ಮೆ ಹೆಬ್ಬೆರಳು ಸವರಿದ, ಕಪ್ಪು ಬಟ್ಟೆ ತೆಗೆದು ತಟ್ಟನೆ ನೀರಿನ ಮಟ್ಟಕ್ಕೆ ಬಿಟ್ಟ. ರಾಟೆಯ ಹತ್ತಿರ ಓಡಿದ. ಸಯಾನಾ ಬಾಯಿ ತೆರೆದಳು, ಆದರೆ ಕೂಗಲಿಲ್ಲ.

ಮೂವತ್ತು ವರ್ಷದಲ್ಲಿ ಮೊದಲ ಸಲ ಆಜ್ಞೆ ಯೆಫಿಮನ ಬಾಯಿಂದಲೇ ಬಂತು. "ಮೈನಾ," ಎಂದ ಮೆಲ್ಲಗೆ. ತಾನೇ ಹೇಳಿ ತಾನೇ ಇಳಿಸಿದ.

ಸ್ವಲ್ಪ ದೂರದ ತನಕ ಗೋಳ ಬಿಸಿಲಿನಲ್ಲಿ ಹಸಿರಾಗಿ ಕಂಡಿತು. ಆಮೇಲೆ ನೀರು ಮಾತ್ರ ಕಂಡಿತು.

ಉಳಿದ ನಾಲ್ಕನ್ನೂ ಇಳಿಸಿದ ಮೇಲೆ ಇನ್ನೊಂದು ಕೆಲಸ ಬಾಕಿ. ದಂಡೆಯ ಸ್ಟೇಷನ್ನಿನವರು ಸರಕ್ಕೆ ವಿದ್ಯುತ್ ಬಿಟ್ಟು, ಒಂದೊಂದು ಗೋಳವನ್ನೂ ತಟ್ಟಿ ನೋಡಿ, ಬದುಕಿದೆಯೋ ಸತ್ತಿದೆಯೋ ವಾಕಿಟಾಕಿಯಲ್ಲಿ ಹೇಳುತ್ತಾರೆ. ರಾಟೆಯವನು ಅದನ್ನು ತಿರುಗಿ ಹೇಳಬೇಕು, ಮುಖ್ಯಸ್ಥರು ಬರೆದುಕೊಳ್ಳಬೇಕು. ಆಮೇಲೆಯೇ ಕಿಂಡಿ ಬಿಟ್ಟು ಹೊರಡುವುದು. ಯೆಫಿಮ್ ವಾಕಿಟಾಕಿಯನ್ನು ಕಿವಿಗೊತ್ತಿಕೊಂಡ. ಗಂಟೆ ಎರಡೂವರೆ ಆಗಿತ್ತು.

"ಒಂದು, ಜೀವ ಇದೆ," ಎಂದಿತು ದಂಡೆಯ ಹುಡುಗಿಯ ಧ್ವನಿ.

"ಒಂದು, ಜೀವ ಇದೆ."

"ಎರಡು, ಜೀವ ಇದೆ. ಮೂರು, ಜೀವ ಇದೆ. ನಾಲ್ಕು, ಜೀವ ಇದೆ."

ಅವನು ಒಂದೊಂದನ್ನೂ ಹೇಳಿದ. ಸಯಾನಾ ಬರೆದಳು. ಆಮೇಲೆ ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು. ಬಟ್ಟೆಯೊಳಗೆ ತೂರಿಸಿದ್ದ ಆ ಕೆಂಪು ಟಾರ್ಚಿನ ಬೆಳಕು ಅದರ ಕಣ್ಣನ್ನು ಕೆಡಿಸಿರಬಹುದೇ, ತಾನು ಬೆರಳಿಟ್ಟಾಗ ತಿರುಪು ಒಂದು ಕೂದಲಿನಷ್ಟು ಮಿಸುಕಿತೇ ಎಂದು ಯೆಫಿಮನ ಜೀವ ಬಾಯಿಗೆ ಬಂತು. ಹನ್ನೊಂದು ವರ್ಷ ಕೆಡಲಿ ಎಂದು ಬೇಡಿದ್ದನ್ನು ಕೆಡದಿರಲಿ ಎಂದು ಅವನು ಬೇಡಿಕೊಂಡದ್ದು ಆಗಲೇ.

"ಐದು," ಎಂದಳು ಹುಡುಗಿ. "ಐದು, ಜೀವ ಇದೆ."

ಯೆಫಿಮ್ ವಾಕಿಟಾಕಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕೇಳಿಸ್ತಾ ಯೆಫಿಮ್ ಸವೆಲಿಚ್?"

"ಇನ್ನೊಂದ್ಸಲ ಹೇಳವ್ವ."

"ಐದು. ಜೀವ ಇದೆ. ಎಲ್ಲಕ್ಕಿಂತ ಚುರುಕಾಗಿದೆ."

"ಐದು, ಜೀವ ಇದೆ," ಎಂದ ಯೆಫಿಮ್. ಸಯಾನಾ ತಲೆ ಬಗ್ಗಿಸಿ ಬರೆದುಕೊಂಡಳು.

ಹನ್ನೆರಡೂ ಮುಗಿದ ಮೇಲೆ ಗುಡಾರ ಕಿತ್ತು ಲಾರಿಗೆ ಹಾಕಿದರು. ಬಾಯಿರ್ ಸ್ಟೇರಿಂಗ್ ಹಿಡಿದು, ಪಕ್ಕದಲ್ಲಿ ಕೂತವನನ್ನು ಓರೆಗಣ್ಣಿನಿಂದ ನೋಡಿದ. ಪ್ರತಿ ವರ್ಷ ಕೊನೆಯ ದಿನ ಅವರು ದಂಡೆಯ ಕ್ಯಾಂಟೀನಿನಲ್ಲಿ ಹೊಗೆ ಹಾಕಿದ ಮೀನು ತಿಂದು, ವೋಡ್ಕಾ ಕುಡಿದು, ಕತ್ತಲಾದ ಮೇಲೆ ಏಳುವುದು ರೂಢಿ.

"ಕ್ಯಾಂಟೀನಿಗೆ ತಾನೇ?"

"ಇಲ್ಲ, ಮನೆಗೆ ಬಿಡು."

"ಮನೇಲಿ ಯಾರಿದಾರೆ ಅಂತ ಇಷ್ಟು ಬೇಗ?"

ಯೆಫಿಮ್ ಒಳಜೇಬಿನ ಮೇಲೆ ಕೈಯಿಟ್ಟುಕೊಂಡ. ಪೊಟ್ಟಣದ ಹರಳುಗಳು ಬಟ್ಟೆಯೊಳಗಿನಿಂದ ಬೆರಳಿಗೆ ಸಿಕ್ಕವು.

"ಆರು ಗಂಟೆಗೆ ಮನೇಲಿರ್ಬೇಕು ನಾನು," ಎಂದ. "ಸ್ವಲ್ಪ ಜೋರಾಗಿ ಓಡ್ಸು."

ಬಾಯಿರ್ ಈ ಸಲ ತಮಾಷೆ ಮಾಡಲಿಲ್ಲ. ಗೇರು ಬದಲಿಸಿದ.